ಕೆಲಸಕ್ಕೊಂದು ಲಿನಕ್ಸ್, ಆಟಕ್ಕೊಂದು ಲಿನಕ್ಸ್

ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ಲಿನಕ್ಸ್ (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಮ್) ಇವೆ. ನಿಧಾನಕ್ಕೆ ಬದಲಾಗುವ ಡೆಬಿಯನ್ ಸ್ಟೇಬಲ್‌ನಲ್ಲಿ ಕೆಲಸ, ಸದಾ ಹೊಸ ಆವೃತ್ತಿ ಕೊಡುವ ಆರ್ಚ್‌ನಲ್ಲಿ ಆಟ. ಆರ್ಚ್ ಮೇಲೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್, ಆಟ ಇಳಿಸಿಕೊಳ್ಳುವ ಸ್ಟೀಮ್, ಒಂದು ಬ್ರೌಸರ್, ಅಷ್ಟೇ. ಒಂದರಲ್ಲೇ ಎಲ್ಲ ಮಾಡಬಹುದಲ್ವಾ ಅಂತ ಕೇಳಿದರೆ, ಮಾಡಬಹುದು. ಆದರೆ ಕೆಲಸಕ್ಕೆ ಬೇಕಾಗಿರುವುದು ಅಲುಗಾಡದ ಸಿಸ್ಟಮ್, ಆಟಕ್ಕೆ ಬೇಕಾಗಿರುವುದು ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು), ಹೊಸ ಮೆಸಾ (ಗ್ರಾಫಿಕ್ಸ್ ಡ್ರೈವರ್‌ಗಳು). ಇವೆರಡನ್ನೂ ಒಂದೇ ಕಡೆ ಇಟ್ಟರೆ ಅಪ್‌ಡೇಟ್ ಮಾಡುವಾಗೆಲ್ಲ ನಾಳೆ ಬೆಳಿಗ್ಗೆ ಕೆಲಸ ನಿಂತರೆ ಏನು ಗತಿ ಅನ್ನುವ ಭಯ. ಈಗ ಆ ಭಯ ಇಲ್ಲ. ನನಗೆ ಇದೇ ದೊಡ್ಡ ಲಾಭ.

ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಜಾಸ್ತಿ ಆಗುತ್ತದೆ ಅನ್ನುವ ಒಂದೇ ಆಸೆಗೆ ಇದನ್ನು ಮಾಡಬೇಡಿ. ಗ್ರಾಫಿಕ್ಸ್ ಕಾರ್ಡ್ ಆಗಲೇ ಪೂರ್ತಿ ದುಡಿಯುತ್ತಿದ್ದರೆ ಡೆಸ್ಕ್‌ಟಾಪ್ ಹಗುರವಾದರೂ ಅಂಥ ವ್ಯತ್ಯಾಸ ಕಾಣುವುದಿಲ್ಲ. 8 ಜಿಬಿ ರ‍್ಯಾಮ್ ಇರುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ, ಯಾಕಂದ್ರೆ ರ‍್ಯಾಮ್ ತುಂಬಿ ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಹೋದ ಕೂಡಲೇ ಆಟ ತಡವರಿಸಲು ಶುರುವಾಗುತ್ತದೆ, ಹಿಂದೆ ಸುಮ್ನೆ ಓಡುವ ಪ್ರೋಗ್ರಾಂಗಳು ಕಮ್ಮಿಯಾದಷ್ಟೂ ಆ ತೊಂದರೆ ಕಮ್ಮಿ. ಎಕ್ಸ್‌ಎಫ್‌ಸಿಇಯಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಕಂಪೋಸಿಟರ್ (ವಿಂಡೋಗಳಿಗೆ ನೆರಳು, ಪಾರದರ್ಶಕತೆ ಕೊಡುವ ಭಾಗ) ಆಫ್ ಮಾಡಿಬಿಡಿ, ಆಟಕ್ಕೆ ಅದು ಬೇಕಾಗಿಲ್ಲ.

ಇನ್‌ಸ್ಟಾಲ್ ಮಾಡುವಾಗ ಎರಡು ಕಡೆ ಎಚ್ಚರ ಇರಲಿ. ಒಂದು, ಈಗಿರುವ ಇಎಫ್‌ಐ ಪಾರ್ಟಿಷನ್ನನ್ನೇ (ಬೂಟ್ ಫೈಲುಗಳಿರುವ ಡಿಸ್ಕಿನ ಭಾಗ) ಬಳಸಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಎರಡನೆಯದು ಸ್ವಾಪ್. ಎಷ್ಟೋ ಇನ್‌ಸ್ಟಾಲರ್‌ಗಳು ಹಳೆಯ ಸ್ವಾಪ್ ಪಾರ್ಟಿಷನ್ ಕಂಡರೆ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡುತ್ತವೆ, ಆಗ ಅದರ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಬದಲಾಗುತ್ತದೆ. ಹೊಸ ಸಿಸ್ಟಮ್ ಸಲೀಸಾಗಿ ಬೂಟ್ ಆಗುತ್ತದೆ, ಹಳೆಯದು ಮಾತ್ರ ಇಲ್ಲದ ಸ್ವಾಪ್‌ಗಾಗಿ ಕಾಯುತ್ತಾ ಕೂರುತ್ತದೆ. ಪರದೆ ಮೇಲೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತವೆ, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡ್ ಅಂತ ಗಡುವು ಇರುತ್ತದೆ. ಏನೂ ಕೆಟ್ಟಿಲ್ಲ, ಗಾಬರಿ ಬೇಡ. ಹಳೆಯ ಸಿಸ್ಟಮ್‌ನ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಬಳಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಫೈಲಿನಲ್ಲಿ ಹಳೆಯ ಯುಯುಐಡಿ ತೆಗೆದು ಹೊಸದು ಹಾಕಿದರೆ ಮುಗಿಯಿತು. ಹೈಬರ್ನೇಟ್ (ರ‍್ಯಾಮ್‌ನಲ್ಲಿರುವುದನ್ನು ಸ್ವಾಪ್‌ನಲ್ಲಿ ಉಳಿಸಿ ಕಂಪ್ಯೂಟರ್ ಆರಿಸುವುದು) ಮಾಡುವ ಅಭ್ಯಾಸ ಇದ್ದರೆ ಮಾತ್ರ ಸ್ವಾಪ್ ಹಂಚಿಕೊಳ್ಳಲೇಬೇಡಿ.

ಆಟಗಳಿಗೆ ಬೇರೆಯೇ ಒಂದು ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಷನ್ ಮಾಡಿ. ಎರಡೂ ಕಡೆ ಮೌಂಟ್ ಮಾಡಿದರೆ (ಜೋಡಿಸಿದರೆ) ದೊಡ್ಡ ದೊಡ್ಡ ಆಟಗಳನ್ನು ಎರಡೆರಡು ಸಲ ಇಳಿಸಿಕೊಳ್ಳುವ ಕಷ್ಟ ಇಲ್ಲ. ವಿಂಡೋಸ್‌ನ ಹಳೆಯ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲೇ ಇಟ್ಟರಾಯಿತು ಅಂದುಕೊಂಡರೆ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರೋಟಾನ್ ಕೈಕೊಡುತ್ತದೆ: ಅದು ಪ್ರತಿ ಆಟಕ್ಕೂ ಒಂದು ವಿಂಡೋಸ್ ಥರದ ಫೋಲ್ಡರ್ ಕಟ್ಟಿ, ಒಳಗೆ ಸಿ ಅಕ್ಷರದ ನಂತರ ಕೋಲನ್ ಇರುವ ಹೆಸರಿನ ಲಿಂಕ್ ಇಡುತ್ತದೆ, ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಕೋಲನ್ ಹಾಕುವಂತಿಲ್ಲ. ಹೋಮ್ ಡೈರೆಕ್ಟರಿ (ನಿಮ್ಮ ಫೈಲು, ಸೆಟ್ಟಿಂಗ್ ಇರುವ ಫೋಲ್ಡರ್) ಮಾತ್ರ ಎರಡಕ್ಕೂ ಬೇರೆ ಬೇರೆ ಇರಲಿ. ಒಂದೇ ಪ್ರೋಗ್ರಾಂನ ಹಳೆಯ ಆವೃತ್ತಿ, ಹೊಸ ಆವೃತ್ತಿ ಎರಡೂ ಒಂದೇ ಸೆಟ್ಟಿಂಗ್ ಫೈಲಿಗೆ ಕೈ ಹಾಕಿದರೆ ಕಿತ್ತಾಟ ತಪ್ಪಿದ್ದಲ್ಲ.

ಇನ್ನು ಗ್ರಬ್, ಅಂದರೆ ಬೂಟ್ ಆಗುವಾಗ ಯಾವ ಸಿಸ್ಟಮ್ ಬೇಕು ಅಂತ ಮೆನು ತೋರಿಸುವ ಪ್ರೋಗ್ರಾಂ. 2.06 ಆವೃತ್ತಿಯಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಆಫ್ ಆಗಿಯೇ ಬರುತ್ತದೆ, ಹಾಗಾಗಿ ಎರಡನೇ ಸಿಸ್ಟಮ್ ಮೆನುವಿನಲ್ಲಿ ಕಾಣದಿದ್ದರೆ ಗ್ರಬ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ ಮೆನು ಮತ್ತೆ ಕಟ್ಟಬೇಕು. ಜನ ಗಮನಿಸದ ವಿಷಯ ಇನ್ನೊಂದಿದೆ. ಯಾವ ಸಿಸ್ಟಮ್‌ನ ಗ್ರಬ್ ಮೊದಲು ಬರುತ್ತದೋ ಅದಕ್ಕೆ ಪಕ್ಕದ ಸಿಸ್ಟಮ್‌ನಲ್ಲಿ ಕರ್ನಲ್ ಅಪ್‌ಡೇಟ್ ಆಗಿದ್ದು ಗೊತ್ತಾಗುವುದಿಲ್ಲ. ಕರ್ನಲ್ ಫೈಲಿನ ಹೆಸರಲ್ಲೇ ಆವೃತ್ತಿ ಸಂಖ್ಯೆ ಇರುವ ಸಿಸ್ಟಮ್ ಆದರೆ ಮೆನು ಹಳೆಯ ಕರ್ನಲ್ಲನ್ನೇ ತೋರಿಸುತ್ತಿರುತ್ತದೆ, ಆ ಫೈಲ್ ಅಳಿಸಿಹೋದ ದಿನ ಬೂಟ್ ಆಗುವುದಿಲ್ಲ. ಆರ್ಚ್‌ನಲ್ಲಿ ಆ ಹೆಸರು ಬದಲಾಗುವುದಿಲ್ಲ, ನಾನು ಅದನ್ನೇ ಎರಡನೆಯದಾಗಿ ಇಟ್ಟುಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಶುರು ಮಾಡುವ ಮೊದಲು ನಿಮ್ಮ ಆಟದ ಹೆಸರನ್ನು ಪ್ರೋಟಾನ್‌ಡಿಬಿ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಪ್ರೋಟಾನ್ 2018ರಲ್ಲಿ ಬಂದ ಮೇಲೆ ಒಬ್ಬರೇ ಆಡುವ ಆಟಗಳಲ್ಲಿ ಬಹಳಷ್ಟು ಸರಾಗವಾಗಿ ನಡೆಯುತ್ತವೆ. ಆನ್‌ಲೈನ್ ಆಟಗಳಲ್ಲಿ ಆ್ಯಂಟಿ-ಚೀಟ್ (ಮೋಸದಾಟ ತಡೆಯುವ ಪ್ರೋಗ್ರಾಂ) ಅಡ್ಡ ಬರುತ್ತದೆ. ವ್ಯಾಲೊರಂಟ್ ನಡೆಯುವುದೇ ಇಲ್ಲ, ಏಪೆಕ್ಸ್ ಲೆಜೆಂಡ್ಸ್ ಕೂಡ 2024ರಲ್ಲಿ ಲಿನಕ್ಸ್‌ಗೆ ಬಾಗಿಲು ಹಾಕಿತು. ನೀವು ಆಡುವುದು ಅವೇ ಆದರೆ ಡಿಸ್ಕಿನಲ್ಲಿ ಜಾಗ ಬಿಡಿಸುವ ಕೆಲಸಕ್ಕೆ ಹೋಗಬೇಡಿ.