ಫೀಸು ಒಂದೇ ಇರುವಾಗ ಲೇಡಿ ಡಾಕ್ಟರಿಗೆ ಕಮ್ಮಿ ಹೇಗಾಗುತ್ತೆ?

ತುಮಕೂರಿನಲ್ಲಿ ಡಾಕ್ಟರುಗಳ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವುದು ನನ್ನ ಕಸುಬು. ಜುಲೈ ಬಂತೆಂದರೆ ಬಿ.ಎಚ್. ರಸ್ತೆಯಿಂದ ಅಶೋಕನಗರದವರೆಗಿನ ನರ್ಸಿಂಗ್ ಹೋಮ್‌ಗಳ ಫೈಲು ನನ್ನ ಮೇಜಿನ ಮೇಲೆ ಬಿದ್ದಿರುತ್ತವೆ. ಅದಕ್ಕೇ ಇರಬೇಕು, ಮಗಳು ಎಂಬಿಬಿಎಸ್ ಮುಗಿಸಿ ನೀಟ್ ಪಿಜಿಗೆ ಓದುತ್ತಿರುವ ಅಪ್ಪಂದಿರು ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕರೂ ಇದನ್ನು ಕೇಳದೆ ಬಿಡುವುದಿಲ್ಲ: "ಸಾರ್, ಡಾಕ್ಟರ್ ಕೆಲಸದಲ್ಲೂ ಹೆಂಗಸರಿಗೆ ಕಮ್ಮಿ ಬರುತ್ತೆ ಅಂತಾರಲ್ಲ, ನಿಜವಾ? ಡಿಗ್ರಿ ಒಂದೇ, ಬೋರ್ಡ್ ಮೇಲೆ ಬರೆದಿರೋ ಫೀಸೂ ಒಂದೇ. ಕಮ್ಮಿ ಹೇಗಾಗುತ್ತೆ?"

ನಿಜ. ಬೋರ್ಡಿನ ಮೇಲಿನ ಫೀಸು ಒಂದೇ ಅನ್ನುವುದೂ ನಿಜ.

ಸರ್ಕಾರಿ ಕೆಲಸದ ಮಾತು ಬೇಗ ಮುಗಿಸುತ್ತೇನೆ. ಜಿಲ್ಲಾಸ್ಪತ್ರೆಯ ಸಂಬಳದ ಶ್ರೇಣಿ ಗಂಡು ಹೆಣ್ಣು ನೋಡುವುದಿಲ್ಲ, ಹೆರಿಗೆ ರಜೆಗೆ ಪೂರ್ತಿ ಸಂಬಳ ಬರುತ್ತದೆ. ಹಾಗಂತ ಶ್ರೇಣಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಬಹುಪಾಲು ವೈದ್ಯರು ಸರ್ಕಾರಿ ವ್ಯವಸ್ಥೆಯಲ್ಲೇ ಇದ್ದಾರೆ. 2020ರಲ್ಲಿ ಅಲ್ಲಿನ ವೈದ್ಯೆ ಜೇನ್ ಡೇಕರ್ ಅವರ ನೇತೃತ್ವದ ಪರಿಶೀಲನೆ ನೋಡಿದಾಗ, ಕೆಲಸದ ಗಂಟೆಗಳನ್ನು ಸರಿದೂಗಿಸಿದ ಮೇಲೂ ಆಸ್ಪತ್ರೆ ವೈದ್ಯರಲ್ಲಿ ಹೆಂಗಸರ ವರಮಾನ ಶೇ 18.9ರಷ್ಟು ಕಮ್ಮಿ ಇತ್ತು.

"ಫೀಸು ಒಂದೇ ಅಲ್ವಾ" ಎನ್ನುವವರಿಗೆ ನಾನು ಹೇಳುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಲೆಕ್ಕ. ಅಲ್ಲಿ ಯಾವ ಆಪರೇಷನ್ನಿಗೆ ಎಷ್ಟು ಅಂತ ಸರ್ಕಾರವೇ ದರಪಟ್ಟಿ ಹಾಕಿ ಕೊಡುತ್ತದೆ. ಚೌಕಾಸಿಗೆ ಜಾಗವೇ ಇಲ್ಲ. ಆದರೂ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓಟಿಯಲ್ಲಿ ನಿಂತ ಒಂದೊಂದು ಗಂಟೆಗೆ ಮಹಿಳಾ ಸರ್ಜನ್ನುಗಳ ಗಳಿಕೆ ಗಂಡಸರಿಗಿಂತ ಶೇ 24 ಕಮ್ಮಿ. ಕೈ ನಿಧಾನ ಅಂತ ಅನುಮಾನ ಬೇಡ. ಸಾಮಾನ್ಯ ಆಪರೇಷನ್ನುಗಳಿಗೆ ಇಬ್ಬರಿಗೂ ಅಷ್ಟೇ ಹೊತ್ತು ಹಿಡಿದಿತ್ತು. ಹೆಚ್ಚು ದುಡ್ಡಿನ ಆಪರೇಷನ್ನುಗಳು ಹೆಂಗಸರ ಕೈಗೆ ಕಮ್ಮಿ ಬಂದಿದ್ದವು, ಅಷ್ಟೇ. ಯಾಕೆ ಬರಲಿಲ್ಲ ಅಂತ ಅದೇ ಪ್ರಾಂತ್ಯದ ಇನ್ನೊಂದು ಅಧ್ಯಯನ 2022ರಲ್ಲಿ ನೋಡಿತು. ಸರ್ಜನ್ನುಗಳಲ್ಲಿ ಗಂಡಸರು ಶೇ 77.5. ಆದರೆ ಗಂಡಸು ಡಾಕ್ಟರುಗಳು ಕಳಿಸಿಕೊಟ್ಟ ಕೇಸುಗಳಲ್ಲಿ ಗಂಡಸು ಸರ್ಜನ್ನಿಗೆ ಹೋದದ್ದು ಶೇ 87.1.

ಇದು ತುಮಕೂರಿನವರಿಗೆ ಬಿಡಿಸಿ ಹೇಳಬೇಕಾದ ವಿಷಯವೇನಲ್ಲ. ಸಿರಾದಲ್ಲೋ ಗುಬ್ಬಿಯಲ್ಲೋ ಹೈವೇಯಲ್ಲಿ ಬೈಕು ಬಿದ್ದು ಕಾಲು ಮುರಿದರೆ ಆ ಕೇಸು ಎಲ್ಲಿಗೆ ಹೋಗಬೇಕು ಅನ್ನುವುದು ಅಲ್ಲಿನ ಕ್ಲಿನಿಕ್ಕಿನ ಡಾಕ್ಟರ ಒಂದು ಫೋನಿನಲ್ಲಿ ತೀರ್ಮಾನ ಆಗುತ್ತದೆ. ಆ ಫೋನು ಹೋಗುವುದು ಕಾಲೇಜಿನಲ್ಲಿ ಜೊತೆಗಿದ್ದವನಿಗೆ, ಭಾನುವಾರ ಶಟ್ಲ್ ಆಡುವವನಿಗೆ, ರಾತ್ರಿ ಪಾರ್ಟಿಯಲ್ಲಿ ಎದುರು ಕೂತವನಿಗೆ. ಕಮಿಷನ್ ಮಾತು ಎತ್ತುವುದಿಲ್ಲ. ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮಾವಳಿ ಅದನ್ನು ನಿಷೇಧಿಸಿದೆ ಅನ್ನುವುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತು.

ಇನ್ನೊಂದು, ನಾವು ಮೆಚ್ಚಿ ಆಡುವ ಮಾತು: "ಲೇಡಿ ಡಾಕ್ಟರ್ ಸಮಾಧಾನವಾಗಿ ಕೇಳಿಸ್ಕೋತಾರೆ." ಆ ಸಮಾಧಾನದ ಖರ್ಚು ಯಾರದು? ಅಮೆರಿಕದ ಫ್ಯಾಮಿಲಿ ಡಾಕ್ಟರುಗಳ ಬಗ್ಗೆ 2020ರಲ್ಲಿ ಬಂದ ಅಧ್ಯಯನದ ಪ್ರಕಾರ ಹೆಂಗಸರು ಒಬ್ಬೊಬ್ಬ ರೋಗಿಗೆ ಶೇ 15.7 ಹೆಚ್ಚು ಹೊತ್ತು ಕೊಡುತ್ತಾರೆ. ರೋಗಿಗಳನ್ನು ನೋಡಿದ್ದರಿಂದ ವರ್ಷಕ್ಕೆ ಹುಟ್ಟುವ ದುಡ್ಡು ಗಂಡಸರಿಗಿಂತ ಶೇ 10.9 ಕಮ್ಮಿ. ನಮ್ಮಲ್ಲಿ ರಾತ್ರಿಯಿಡೀ ಲೇಬರ್ ರೂಮಿನಲ್ಲಿ ಕಾದು ಮಾಡಿಸಿದ ನಾರ್ಮಲ್ ಹೆರಿಗೆಯ ಬಿಲ್ಲಿನಲ್ಲಿ ಕಾದದ್ದಕ್ಕೆ ಅಂತ ಒಂದು ಸಾಲು ಇದ್ದದ್ದನ್ನು ನಾನಂತೂ ನೋಡಿಲ್ಲ.

ಆದರೆ ನಮ್ಮೂರಿನ ಅಸಲಿ ಕತೆ ಇರುವುದು ಗಂಡ-ಹೆಂಡತಿ ಸೇರಿ ನಡೆಸುವ ನರ್ಸಿಂಗ್ ಹೋಮ್‌ಗಳಲ್ಲಿ. ಆತ ಆರ್ಥೋ ಅಥವಾ ಜನರಲ್ ಸರ್ಜನ್, ಆಕೆ ಗೈನಿಕ್. ಶುರುವಿನ ವರ್ಷಗಳಲ್ಲಿ ಬೆಡ್ಡು ತುಂಬುವುದು, ನರ್ಸುಗಳ ಸಂಬಳ ಹುಟ್ಟುವುದು ಹೆಚ್ಚಾಗಿ ಆಕೆಯ ಹೆರಿಗೆಗಳಿಂದಲೇ. ಆದರೆ ಸೈಟು ಆಕೆಯ ಮಾವನವರ ಹೆಸರಲ್ಲಿ, ಸಾಲ ಆತನ ಹೆಸರಲ್ಲಿ, ಖಾಸಗಿ ಆಸ್ಪತ್ರೆ ನಡೆಸಲು ಬೇಕಾದ ಕೆಪಿಎಂಇ ನೋಂದಣಿ ಆತನದು, ಕರೆಂಟ್ ಅಕೌಂಟ್ ಆತನದು, ಕೌಂಟರಿನಲ್ಲಿ ಅಂಟಿಸಿದ ಕ್ಯೂಆರ್ ಕೋಡೂ ಆತನದೇ. ಬೋರ್ಡಿನ ಮೇಲೆ ಮಗಳ ಹೆಸರು.

ಹೀಗಾಗಿ ಆಕೆ ದುಡಿದದ್ದೆಲ್ಲ ಆತನ ಪ್ಯಾನ್ ನಂಬರಿಗೆ ಆದಾಯವಾಗಿ ಸೇರುತ್ತದೆ. ಆಮೇಲೆ ಮಾರ್ಚಿನಲ್ಲಿ ಡಾಕ್ಟರು ಫೋನ್ ಮಾಡುತ್ತಾರೆ: "ಮೇಡಂಗೆ ಸಂಬಳ ಎಷ್ಟು ತೋರಿಸೋಣ ಸಾರ್?" ಕಾನೂನು ಇದಕ್ಕೆ ಅಡ್ಡಿ ಮಾಡುವುದಿಲ್ಲ. ಗಂಡನ ವ್ಯವಹಾರದಿಂದ ಹೆಂಡತಿಗೆ ಕೊಟ್ಟ ಸಂಬಳವನ್ನು ಸಾಮಾನ್ಯವಾಗಿ ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಆಕೆ ತನ್ನ ವೃತ್ತಿಯ ಅರ್ಹತೆಯಿಂದಲೇ ಅದನ್ನು ದುಡಿದಿದ್ದರೆ ಮಾತ್ರ ಬೇರೆ ಲೆಕ್ಕ. ಎಂಬಿಬಿಎಸ್, ಎಂಎಸ್ ಓದಿದವರಿಗೆ ಆ ಅರ್ಹತೆ ಧಾರಾಳವಾಗಿ ಇದೆ. ಎಷ್ಟು ತೋರಿಸಬೇಕು ಅನ್ನುವುದಕ್ಕೆ ಲೇಬರ್ ರೂಮಿನ ರಿಜಿಸ್ಟರ್ ಯಾರೂ ತೆಗೆಯುವುದಿಲ್ಲ. ತೆರಿಗೆ ಬೀಳದ ಗೆರೆ ಎಲ್ಲಿದೆ ಅಂತ ನೋಡಿ, ಅದಕ್ಕೆ ತಾಗಿಸಿ ನಿಲ್ಲಿಸುವುದು. 2023-24ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆ ಆ ಗೆರೆ ಏಳೂವರೆ ಲಕ್ಷದಲ್ಲಿತ್ತು. 2025-26ಕ್ಕೆ ಹನ್ನೆರಡು ಮುಕ್ಕಾಲು ಲಕ್ಷಕ್ಕೆ ಏರಿತು. ಮೇಡಂ ಸಂಬಳವೂ ಅಲ್ಲಿಗೆ ಏರಿತು. ಇನ್‌ಕ್ರಿಮೆಂಟ್ ಕೊಟ್ಟದ್ದು ಗಂಡನಲ್ಲ, ನಿರ್ಮಲಾ ಸೀತಾರಾಮನ್.

ಮನೆ ಒಂದೇ, ದುಡ್ಡು ಎಲ್ಲಿದ್ದರೇನು ಅಂತ ಇಬ್ಬರೂ ಅನ್ನುತ್ತಾರೆ, ಬಹಳ ಸಲ ಆಕೆಯೇ ಮೊದಲು. ಬ್ಯಾಂಕಿನವರು ಹಾಗೆ ಅನ್ನುವುದಿಲ್ಲ. ಒಬ್ಬ ಮೇಡಂ ಲ್ಯಾಪ್ರೊಸ್ಕೋಪಿ ಸೆಟ್ ತೆಗೆದುಕೊಳ್ಳಲು ತಮ್ಮ ಹೆಸರಲ್ಲೇ ಸಾಲ ಕೇಳಿದರು. ಮೂರು ವರ್ಷದ ರಿಟರ್ನ್ ನೋಡಿದ ಮ್ಯಾನೇಜರು, "ಸಾರ್ ಅವರ ರಿಟರ್ನ್ ಕೊಡಿ, ಮೇಡಂ ಕೋ-ಅಪ್ಲಿಕೆಂಟ್ ಆಗಲಿ" ಅಂದರು. ಹೀಗೆ ಆಕೆ ಮಾತ್ರ ಬಳಸುವ ಮೆಷಿನ್ನೂ ಆತನ ಆಸ್ತಿಪಟ್ಟಿಗೆ ಬಂತು. ಅದು ಹಳತಾದಂತೆ ವರ್ಷ ವರ್ಷ ಖರ್ಚಾಗಿ ತೋರಿಸುವ ಸವಕಳಿಯೂ ಆತನ ಲೆಕ್ಕಕ್ಕೇ. ನಾಳೆ ಯಾರಾದರೂ ರಿಟರ್ನ್ ಹಿಡಿದು ನಮ್ಮೂರಿನ ಡಾಕ್ಟರುಗಳ ಗಂಡು-ಹೆಣ್ಣು ಅಂತರ ಅಳೆಯಲು ಹೊರಟರೆ, ಆಕೆಯ ದುಡಿಮೆ ಆತನ ಸಾಲಿನಲ್ಲಿ ಸಿಗುತ್ತದೆ.

ಇಷ್ಟು ಕೇಳಿದ ಮೇಲೆ ಅಪ್ಪಂದಿರ ಮುಂದಿನ ಪ್ರಶ್ನೆ: "ಹಾಗಾದ್ರೆ ಯಾವ ಪಿಜಿ ತಗೊಳ್ಳಲಿ ಸಾರ್? ಹೆಣ್ಣುಮಕ್ಕಳಿಗೆ ಸ್ಕಿನ್ನು, ಮಕ್ಕಳ ವಿಭಾಗ ಇವೇ ಸರಿ ಅಲ್ವಾ?" ಅವಳಿಗೆ ಇಷ್ಟವಾದದ್ದು ತಗೊಳ್ಳಲಿ, ಆರ್ಥೋನೇ ಬೇಕಾದರೆ ಆರ್ಥೋ. ನೀವು ವಿಚಾರಿಸಬೇಕಾದದ್ದು ಬೇರೆ ಇದೆ. ಬೇರೆಯವರ ಆಸ್ಪತ್ರೆಗೆ ಸೇರುವುದಾದರೆ, ರೋಗಿಗಳು ಎಷ್ಟೇ ಬರಲಿ ಕೊಟ್ಟೇ ಕೊಡುವ ಮಿನಿಮಮ್ ಗ್ಯಾರಂಟಿ ಎಷ್ಟು, ಅದು ದಾಟಿದ ಮೇಲೆ ಪಾಲು ಎಷ್ಟು, ಅದೇ ಅನುಭವದ ಗಂಡಸಿಗೆ ಎಷ್ಟು ಕೊಟ್ಟಿದ್ದಾರೆ ಅಂತ ಅವಳು ಸಹಿ ಹಾಕುವ ಮುಂಚೆ ಕೇಳಲಿ. ಡಾಕ್ಟರ್ ಹುಡುಗನನ್ನೇ ಮದುವೆಯಾಗಿ ಸ್ವಂತ ನರ್ಸಿಂಗ್ ಹೋಮ್ ಮಾಡುವುದಾದರೆ ಮೊದಲ ದಿನವೇ ಪಾರ್ಟ್‌ನರ್‌ಶಿಪ್ ಡೀಡ್ ಆಗಲಿ, ಪಾಲು ಎಷ್ಟು ಅಂತ ಅದರಲ್ಲಿ ಇರಲಿ, ಸಾಲದಲ್ಲೂ ಸೈಟಿನಲ್ಲೂ ಅವಳ ಹೆಸರು ಇರಲಿ.

"ಅಯ್ಯೋ, ಅದನ್ನೆಲ್ಲ ಬೀಗರ ಹತ್ರ ಹೇಗೆ ಕೇಳೋದು ಸಾರ್!" ಅನ್ನುತ್ತಾರೆ. ಕಾರು ಯಾವುದು ಅಂತ ಅವರು ನಿಮ್ಮನ್ನು ಕೇಳುತ್ತಾರಲ್ಲ, ಅದೇ ದಿನ ಕೇಳಿ.