ಎಲ್‌ಡಿ ಷರತ್ತು ಮತ್ತು ಜಿಆರ್‌ಎನ್‌ನಲ್ಲಿ ಇಲ್ಲದ ಕಾಲಂ

ಯಂತ್ರದ ಬಿಡಿಭಾಗಗಳನ್ನು ತಡವಾಗಿ ಕಳುಹಿಸಿದ ಸರಬರಾಜುದಾರರ ಬಿಲ್ಲಿನಿಂದ ನಾವು ಕಡಿತ ಮಾಡಿಕೊಂಡಿದ್ದ ಎಲ್‌ಡಿ (ಲಿಕ್ವಿಡೇಟೆಡ್ ಡ್ಯಾಮೇಜಸ್, ಅಂದರೆ ವಿಳಂಬಕ್ಕೆಂದು ಒಪ್ಪಂದದಲ್ಲಿ ಮೊದಲೇ ನಮೂದಿಸಿದ ಪರಿಹಾರ) ಮೊತ್ತವನ್ನು ಬಡ್ಡಿಸಮೇತ ಹಿಂದಿರುಗಿಸಬೇಕೆಂದು ಆರ್ಬಿಟ್ರೇಷನ್ (ನ್ಯಾಯಾಲಯದ ಹೊರಗಿನ ಮಧ್ಯಸ್ಥಿಕೆ) ತೀರ್ಪು ಬಂದು ಬಹಳ ಕಾಲವಾಗಿದ್ದರೂ, ನಮ್ಮ ಪರ್ಚೇಸ್ ವಿಭಾಗದವರು ಇಂದಿಗೂ ಅದನ್ನು ಅನ್ಯಾಯವೆಂದೇ ಹೇಳುತ್ತಾರೆ. ಕಾನೂನು ವಿಭಾಗದಿಂದ ಆ ಕಡತವನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಂಡ ನನಗೆ ತೀರ್ಪಿನಲ್ಲಿ ದೋಷ ಕಾಣುವುದಿಲ್ಲ.

ನಮ್ಮ ಪಿಓದ (ಖರೀದಿ ಆದೇಶದ) ಒಂದು ಷರತ್ತು ಕಾಲಮಿತಿಯೇ ಒಪ್ಪಂದದ ಜೀವಾಳವೆಂದು ಹೇಳುತ್ತಿತ್ತು. ಮುಂದಿನ ಪುಟದ ಇನ್ನೊಂದು, ತಡವಾದರೆ ವಾರಕ್ಕೆ ಶೇಕಡಾ ಅರ್ಧದಂತೆ, ಗರಿಷ್ಠ ಶೇಕಡಾ 5ರವರೆಗೆ ಎಲ್‌ಡಿ ಹಿಡಿಯಬಹುದೆಂದಿತ್ತು. ಮತ್ತೊಂದರಲ್ಲಿ ಗಡುವು ವಿಸ್ತರಿಸುವ ಅವಕಾಶವಿತ್ತು. ಮೂರೂ ಬೇರೆ ಬೇರೆ ಟೆಂಪ್ಲೇಟ್‌ಗಳಿಂದ ಬಂದು ಸೇರಿಕೊಂಡಿದ್ದವು, ಬಿಡಿಬಿಡಿಯಾಗಿ ಓದಿದರೆ ಮೂರೂ ನಮ್ಮ ಪರವಾಗಿಯೇ ಇದ್ದವು. ಆದರೆ ನ್ಯಾಯಾಲಯಗಳು ಒಪ್ಪಂದವನ್ನು ಹಾಗೆ ಓದುವುದಿಲ್ಲ. ಹಿಂದ್ ಕನ್‌ಸ್ಟ್ರಕ್ಷನ್ ಕಾಂಟ್ರಾಕ್ಟರ್ಸ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ 1979ರ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್, ವಿಳಂಬಕ್ಕೆ ದಂಡವನ್ನೂ ಗಡುವಿಗೆ ವಿಸ್ತರಣೆಯನ್ನೂ ಒಪ್ಪಂದವೇ ಕಲ್ಪಿಸಿದ್ದರೆ ಕಾಲಮಿತಿ ಅತ್ಯಗತ್ಯವೆಂಬ ಸ್ಪಷ್ಟ ಮಾತೂ ಬಲ ಕಳೆದುಕೊಳ್ಳುತ್ತದೆ ಎಂದಿತ್ತು. 2021ರಲ್ಲಿ ವೆಲ್‌ಸ್ಪನ್ ಮತ್ತು ಒಎನ್‌ಜಿಸಿ ನಡುವಿನ ಪ್ರಕರಣದಲ್ಲಿಯೂ, ಒಂದೆರಡು ಷರತ್ತುಗಳನ್ನು ಎತ್ತಿ ತೋರಿಸಿದರೆ ಸಾಲದು, ಇಡೀ ಒಪ್ಪಂದವನ್ನೂ ಸುತ್ತಲಿನ ಸಂದರ್ಭವನ್ನೂ ನೋಡಬೇಕೆಂದು ಅದೇ ನ್ಯಾಯಾಲಯ ಹೇಳಿತು.

ವಿಚಾರಣೆಯ ದಿನ ವಾದವೆಲ್ಲ ಎಲ್‌ಡಿ ಷರತ್ತಿನ ಪದಗಳ ಮೇಲೆಯೇ ನಡೆಯುತ್ತದೆ ಎಂದು ನಾನು ಎಣಿಸಿದ್ದೆ. ನಿವೃತ್ತ ನ್ಯಾಯಾಧೀಶರಾದ ಆರ್ಬಿಟ್ರೇಟರ್ ಆ ಪುಟವನ್ನು ಬೇಗನೆ ಮಗುಚಿ ಜಿಆರ್‌ಎನ್ (ಸರಕು ಬಂದಾಗ ಸ್ಟೋರ್ಸ್‌ನವರು ಬರೆಯುವ ಸ್ವೀಕೃತಿ ಪತ್ರ) ಕೇಳಿದರು. ಅದನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು, "ಸರಕು ಇಳಿಸಿಕೊಂಡಾಗ, ತಡವಾಗಿದೆ, ಪರಿಹಾರ ಕೇಳುತ್ತೇವೆ ಅಂತ ಇವರಿಗೆ ಏನಾದರೂ ಬರೆದು ಕೊಟ್ಟಿದ್ದೀರಾ?" ಎಂದರು. ನಮ್ಮ ವಕೀಲರು ನನ್ನತ್ತ ತಿರುಗಿದರು, ನಾನು ಸಾಕ್ಷಿಯಾಗಿ ಬಂದಿದ್ದ ಸ್ಟೋರ್ಸ್ ಮೇಲ್ವಿಚಾರಕರತ್ತ ನೋಡಿದೆ. ಷರಾ ಇರುವ ಜಾಗದಲ್ಲಿ "ಪೂರ್ಣ ಪ್ರಮಾಣ, ಸುಸ್ಥಿತಿ" ಎಂದಷ್ಟೇ ಇತ್ತು. ಅವರು ಪ್ರಾಮಾಣಿಕವಾಗಿ, "ಸರ್, ಲೇಟ್ ಆಗಿದೆ ಅಂತ ಬರೆಯೋಕೆ ಅದರಲ್ಲಿ ಕಾಲಂ ಇಲ್ಲ" ಎಂದರು. ಎದುರು ಪಕ್ಷದ ವಕೀಲರು ಆ ಮಾತನ್ನು ದಾಖಲಿಸಿಕೊಳ್ಳುವಂತೆ ಕೋರಿದರು. ಟೈಪಿಸ್ಟ್ ಅದನ್ನು ಟೈಪು ಮಾಡಿ ಮುಗಿಸುವವರೆಗೆ ನಮ್ಮ ಕಡೆಯವರಲ್ಲಿ ಯಾರೂ ಮಾತಾಡಲಿಲ್ಲ. ಅದರ ಬೆನ್ನಿಗೇ, ಗಡುವು ಮುಗಿದ ಮೇಲೆ ಪರ್ಚೇಸ್‌ನಿಂದ ಹೋಗಿದ್ದ "ಆದಷ್ಟು ಬೇಗ ಕಳುಹಿಸಿ" ಎಂಬ ಇಮೇಲನ್ನೂ, ಗಡುವನ್ನು ನಾವೇ ಸಡಿಲಿಸಿದ್ದೆವೆಂದು ತೋರಿಸಲು, ಎದುರು ಪಕ್ಷದ ವಕೀಲರು ಹಾಜರುಪಡಿಸಿದರು.

ಆರ್ಬಿಟ್ರೇಟರ್ ಕೇಳಿದ ಆ ಪ್ರಶ್ನೆ ಹುಟ್ಟಿದ್ದು 1872ರ ಭಾರತೀಯ ಕರಾರು ಕಾಯ್ದೆಯ 55ನೆಯ ಕಲಮಿನಿಂದ. ಕಾಲಮಿತಿ ಅತ್ಯಗತ್ಯವಾಗಿದ್ದ ಒಪ್ಪಂದದಲ್ಲಿ ತಡವಾಗಿ ಬಂದದ್ದನ್ನು ಸ್ವೀಕರಿಸಿದವರು, ಸ್ವೀಕರಿಸುವಾಗಲೇ ಪರಿಹಾರ ಕೇಳುವ ಇಚ್ಛೆಯನ್ನು ತಿಳಿಸದಿದ್ದರೆ ಮುಂದೆ ಅದನ್ನು ಕೇಳುವಂತಿಲ್ಲ. ವ್ಯಾಪಾರದ ವ್ಯವಹಾರಗಳಲ್ಲಿ ಕಾಲಮಿತಿ ಸಾಮಾನ್ಯವಾಗಿ ಅತ್ಯಗತ್ಯವೆಂದು ನಮ್ಮ ವಕೀಲರು ಎಷ್ಟು ಬಲವಾಗಿ ವಾದಿಸಿದರೋ, ಅಷ್ಟೇ ಬಲವಾಗಿ ಈ ನಿಯಮ ನಮ್ಮನ್ನು ಕಟ್ಟಿಹಾಕಿತು. ಕಾಲಮಿತಿ ಅತ್ಯಗತ್ಯವಲ್ಲವೆಂದುಕೊಂಡರೆ ಪರಿಹಾರದ ಹಕ್ಕೇನೋ ಉಳಿಯುತ್ತದೆ, ಆದರೆ ನಷ್ಟವಾಗಿರಬೇಕು. 74ನೆಯ ಕಲಮಿನ ಪ್ರಕಾರ ಒಪ್ಪಂದದಲ್ಲಿ ನಮೂದಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸಲ್ಲುವುದು ಸಮಂಜಸ ಪರಿಹಾರ. ಸುಪ್ರೀಂ ಕೋರ್ಟಿನ 2015ರ ಕೈಲಾಶ್ ನಾಥ್ ತೀರ್ಪಿನ ನಂತರ, ನಷ್ಟವೇ ಆಗದಿದ್ದಲ್ಲಿ ಅದೂ ಸಿಗುವುದಿಲ್ಲವೆಂಬುದು ಸ್ಪಷ್ಟವಾಗಿದೆ. ನಮ್ಮಲ್ಲಿ ಹಳೆಯ ದಾಸ್ತಾನಿದ್ದುದರಿಂದ ಉತ್ಪಾದನೆ ಒಂದು ಪಾಳಿಯೂ ನಿಂತಿರಲಿಲ್ಲ.

ತಡವಾದರೆ ನಷ್ಟವೆಂಬುದು ಯಾರಿಗಾದರೂ ಅರ್ಥವಾಗುತ್ತದೆ, ಅದನ್ನೂ ಬರೆಯಬೇಕೇ ಎಂದು ಪರ್ಚೇಸ್ ಮುಖ್ಯಸ್ಥರು ಕೇಳುತ್ತಾರೆ. ಬರೆಯಬೇಕು ಎಂಬುದೇ ನನ್ನ ಉತ್ತರ. 2017ರ ನಭಾ ಪವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಂದದಲ್ಲಿ ಇಲ್ಲದ ಮಾತನ್ನು ಸೇರಿಸಿ ಓದುವುದಕ್ಕೆ ಕಟ್ಟುನಿಟ್ಟಾದ ಪರೀಕ್ಷೆಗಳಿವೆ ಎಂದಿದೆ. ಅದು ವ್ಯವಹಾರ ನಡೆಯಲು ಅಗತ್ಯವಾಗಿರಬೇಕು, ಹೇಳದೆಯೇ ತಿಳಿಯುವಷ್ಟು ಸ್ಪಷ್ಟವಿರಬೇಕು, ಬರೆದ ಷರತ್ತಿಗೆ ವಿರುದ್ಧವಾಗಿರಬಾರದು. ಒಂದು ಸಾಲು ಬರೆಯುವ ಶ್ರಮ ಉಳಿಸಿಕೊಂಡು ಈ ಪರೀಕ್ಷೆಗಳನ್ನೆಲ್ಲ ದಾಟುತ್ತೇವೆಂದು ಹೊರಡುವುದರಲ್ಲಿ ಅರ್ಥವಿಲ್ಲ.

ಈಗ ನಾನು ಎಲ್‌ಡಿ ಷರತ್ತಿನ ಒಳಗೇ, ಪ್ರತಿ ವಾರದ ವಿಳಂಬದಿಂದ ಯಾವ ಬಗೆಯ ನಷ್ಟವಾಗುತ್ತದೆ, ಅದನ್ನು ಲೆಕ್ಕ ಹಾಕುವುದು ಏಕೆ ಕಷ್ಟ, ಈ ದರಕ್ಕೆ ಹೇಗೆ ಬಂದೆವು ಎಂಬುದನ್ನು ಬರೆಯುತ್ತೇನೆ. ವಿಸ್ತರಣೆಯ ಪತ್ರವೆಂದರೆ ಎಲ್‌ಡಿ ಹಕ್ಕನ್ನು ಕಾಯ್ದಿರಿಸಿ ಹೊಸ ತಾರೀಖು ಹೇಳುವ ಪತ್ರ, ಅದರ ನಮೂನೆಯನ್ನು ಪಿಓಗೆ ಲಗತ್ತಿಸುತ್ತೇನೆ. ಜಿಆರ್‌ಎನ್‌ಗೆ ಒಂದು ಕಾಲಂ ಸೇರಿಸಿಕೊಡಿ ಎಂದು ಇಆರ್‌ಪಿ (ಕಂಪನಿಯ ಖರೀದಿ, ದಾಸ್ತಾನು ನೋಡಿಕೊಳ್ಳುವ ತಂತ್ರಾಂಶದ) ತಂಡಕ್ಕೆ ಕೊಟ್ಟ ಕೋರಿಕೆ ಇನ್ನೂ ಮುಂದಿನ ಅಪ್‌ಗ್ರೇಡ್‌ನ ಪಟ್ಟಿಯಲ್ಲಿಯೇ ಇದೆ. ಇಷ್ಟು ಚಿಕ್ಕ ಬದಲಾವಣೆಗೆ ಆಡಳಿತವರ್ಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸದ್ಯಕ್ಕೆ "ತಡವಾಗಿ ಬಂದಿದೆ, ಪರಿಹಾರದ ಹಕ್ಕು ಕಾಯ್ದಿರಿಸಿದೆ" ಎಂಬ ರಬ್ಬರ್ ಸ್ಟಾಂಪು ಮಾಡಿಸಿ ಸ್ಟೋರ್ಸ್‌ಗೆ ಕೊಟ್ಟಿದ್ದೇವೆ. ಆ ಸ್ಟಾಂಪು ಹಾಕಿ ಲಾರಿ ಚಾಲಕನ ಕೈಗೆ ಕೊಟ್ಟ ಚಲನ್ ಸರಬರಾಜುದಾರರಿಗೆ ಕೊಟ್ಟ ನೋಟಿಸ್ ಅಲ್ಲವೆಂಬ ವಾದ ಬರಬಹುದಾದ್ದರಿಂದ, ಸರಕು ಇಳಿಸಿಕೊಳ್ಳುವ ಮುನ್ನವೇ ಅದೇ ಒಕ್ಕಣೆ, ನೋಟಿಸ್ ಷರತ್ತಿನಲ್ಲಿರುವ ಇಮೇಲ್ ವಿಳಾಸಕ್ಕೂ ಹೋಗುತ್ತದೆ.