ಸಾಲ ತೀರಿಸಿದ ಮನೇಲಿ ನಾನು ಹಾಡು ಕಲ್ತಿದ್ದು

ಇಲ್ಲಿ ಬಿ.ಎ. ಮುಗಿಸಿ, ನಮ್ಮ ಮೇಡಂ ಒಬ್ರ ಒತ್ತಾಯಕ್ಕೆ ಕಲ್ಕತ್ತಾ ರೈಲು ಹತ್ತಿದವಳು ನಾನು. ರವೀಂದ್ರ ಭಾರತಿ ಯೂನಿವರ್ಸಿಟೀಲಿ ಸೀಟು ಸಿಕ್ಕಿತ್ತು, ಕ್ಲಾಸು ಜೋಡಾಸಾಂಕೋ ಠಾಕೂರ್‌ಬಾರೀಲಿ, ಅಂದ್ರೆ ಟಾಗೋರರ ಮನೇಲೇ. ಮೊದಲ್ನೇ ದಿನ ಚಿತ್ಪುರ್ ರೋಡಿಂದ ದ್ವಾರಕಾನಾಥ ಟಾಗೋರ್ ಲೇನ್ ಅನ್ನೋ ಗಲ್ಲಿ ಹೊಕ್ಕಾಗ ಅಷ್ಟು ದೊಡ್ಡ ಕೆಂಪು ಮನೆ ಒಳಗಿರತ್ತೆ ಅಂತ ಅನ್ಕೊಂಡೇ ಇರ್ಲಿಲ್ಲ, ಸಾಲಾಗಿ ಹಸಿರು ಕಿಟಕಿ ಬಾಗ್ಲು, ನಡುವೆ ಅಂಗಳ, ಅಂಗಳದ ಒಂದು ಕಡೆ ಠಾಕೂರ್ ದಾಲಾನ್, ಅಂದ್ರೆ ಆಗಿನ ಕಾಲದಲ್ಲಿ ಮನೆಯವ್ರು ಪೂಜೆ ಮಾಡ್ತಿದ್ದ ಕಂಬದ ಪಡಸಾಲೆ.

ಎಲ್ರೂ ಅದನ್ನ ಕವಿ ಮನೆ ಅಂತಾರೆ. 1861ರಲ್ಲಿ ರವೀಂದ್ರರು ಹುಟ್ಟಿದ್ದು, 1941ರಲ್ಲಿ ತೀರ್ಕೊಂಡಿದ್ದು ಎರಡೂ ಅಲ್ಲೇ. ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಅವ್ರ ತಾತ ದ್ವಾರಕಾನಾಥರು. 1784ರಲ್ಲಿ ನೀಲಮಣಿ ಟಾಗೋರ್ ಕಟ್ಟಿಸಿದ ಆ ಮನೆಗೆ ದುಡ್ಡಿನ ಕಳೆ ಬಂದಿದ್ದು ಇವ್ರ ಕಾಲದಲ್ಲಿ. ರೇಷ್ಮೆ, ನೀಲಿ, ಕಲ್ಲಿದ್ದಲು, ಹಡಗು, ಬ್ಯಾಂಕು, ಯಾವ್ದನ್ನೂ ಬಿಟ್ಟವ್ರಲ್ಲ. 1835ರಲ್ಲಿ ಶುರುವಾದ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಹುಡುಗ್ರಿಗೆ ಬಹುಮಾನ ಕೊಡೋಕೆ ಅಂತ ವರ್ಷಕ್ಕೆ 2,000 ರೂಪಾಯಿ ಕೊಟ್ರು. ಡಾಕ್ಟ್ರಿಕೆ ಕಲಿಯೋಕೆ ಹೆಣ ಕೊಯ್ಬೇಕು, ಆದ್ರೆ ಹೆಣ ಮುಟ್ಟಿದ್ರೆ ಜಾತಿ ಕೆಡತ್ತೆ ಅಂತಿದ್ದ ಕಾಲ ಅದು! 1845ರಲ್ಲಿ ತಾವು ಇಂಗ್ಲೆಂಡಿಗೆ ಹಡಗು ಹತ್ತಿದಾಗ ಆ ಕಾಲೇಜಿನ ನಾಲ್ಕು ಜನ ಸ್ಟೂಡೆಂಟ್ಸ್ ಜೊತೆಗಿದ್ರು, ಅದರಲ್ಲಿ ಇಬ್ಬರ ಖರ್ಚು ಇವ್ರದೇ.

ಮರುವರ್ಷ ಲಂಡನ್‌ನಲ್ಲಿ ತೀರ್ಕೊಂಡ್ರು. 1848ರ ಹೊತ್ತಿಗೆ ಅವ್ರ ಕಂಪನಿ, ಬ್ಯಾಂಕು ಎರಡೂ ಮುಳುಗಿದ್ವು. ಕೆಲವು ಜಮೀನು ಟ್ರಸ್ಟಿಗೆ ಬರೆದಿಟ್ಟಿದ್ರಿಂದ ಸಾಲದವ್ರು ಮುಟ್ಟೋ ಹಾಗಿರ್ಲಿಲ್ಲ, ಆದ್ರೂ ಮಗ ದೇವೇಂದ್ರನಾಥರು, ಅಂದ್ರೆ ರವೀಂದ್ರರ ಅಪ್ಪ, ಅದನ್ನೂ ತಗೊಳ್ಳಿ ಅಂತ ಸಾಲದವ್ರ ಮುಂದಿಟ್ರು, ಮನೆ ಖರ್ಚು ಬಿಗಿಹಿಡಿದು ವರ್ಷಗಟ್ಲೆ ಸಾಲ ತೀರಿಸಿದ್ರು, ಅಪ್ಪ ಬಡವ್ರಿಗೆ ಅಂತ ಮಾತು ಕೊಟ್ಟಿದ್ದ 1 ಲಕ್ಷ ರೂಪಾಯೀನೂ ಬಡ್ಡಿ ಸಮೇತ ಕಟ್ಟಿದ್ರು. ಇದನ್ನ ಕೇಳಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಊರಲ್ಲಿ ಅಂಗಡಿ ಮುಚ್ಚಿದ್ಮೇಲೂ ಕೈಸಾಲ ತೀರ್ಸೋಕೆ ಚೀಟಿ ಹಿಡ್ಕೊಂಡು ಮನೆ ಮನೆಗೆ ಹೋಗ್ತಿದ್ದ ನಮ್ಮಪ್ಪ ನೆನಪಾದ್ರು.

1962ರಲ್ಲಿ ಆ ಮನೆ ಯೂನಿವರ್ಸಿಟಿ ಆಯ್ತು, ಅದಕ್ಕೇ ನನ್ನಂಥವಳಿಗೂ ಒಳಗೆ ಜಾಗ ಸಿಕ್ಕಿದ್ದು. ಕವಿ ಕೊನೆಯುಸಿರೆಳೆದ ರೂಮಿಗೆ ಚಪ್ಪಲಿ ಬಿಟ್ಟು ಹೋಗ್ಬೇಕು. ಮಳೆಗಾಲದಲ್ಲಿ ಆ ನೆಲ ಅಂಗಾಲಿಗೆ ತಣ್ಣಗೆ ತಾಗ್ತಿತ್ತು, ಕೆಳಗೆ ಯಾರೋ ತಾನ್‌ಪುರ ಶ್ರುತಿ ಮಾಡ್ತಿರೋರು, ನಾನು ಕ್ಲಾಸಿಗೆ ಲೇಟಾಯ್ತು ಅಂತ ಚಪ್ಪಲಿ ಕೈಲಿ ಹಿಡ್ಕೊಂಡೇ ಮೆಟ್ಲು ಇಳೀತಿದ್ದೆ.